ಮಾರ್ಕ್, ಸಕರ್, ಪ್ಯಾಟ್ಸಿ: ಮೂರಕ್ಕೂ ‘ಪೆದ್ದ’ ಎಂದರೆ ಸಾಕೇ?

ಪ್ರಶ್ನೆ:
ಅಮೆರಿಕದ ಒಂದು ಅಪರಾಧ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಸ್ಪೀಟಿನಲ್ಲಿ ಹಣ ಕಳೆದುಕೊಂಡ ಮುದುಕನೊಬ್ಬನನ್ನು ವಂಚಕನು ‘ಮಾರ್ಕ್’ ಎಂದೂ, ಹೆಂಡತಿಯು ‘ಸಕರ್’ ಎಂದೂ, ಕೊನೆಯಲ್ಲಿ ಪೊಲೀಸರು ‘ಪ್ಯಾಟ್ಸಿ’ ಎಂದೂ ಕರೆಯುತ್ತಾರೆ. ಮೊದಲ ಕರಡಿನಲ್ಲಿ ಮೂರಕ್ಕೂ ‘ಪೆದ್ದ’ ಎಂದೇ ಬರೆದೆ. ಈಗ ಓದಿದರೆ ಮೂವರೂ ಒಂದೇ ದನಿಯಲ್ಲಿ ಮಾತಾಡುವಂತಿದೆ. ಬಲ್ಲವರು ವ್ಯತ್ಯಾಸವನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1:
‘ಮಾರ್ಕ್’ ವಂಚಕರ ಒಳಮಾತು. ಮೋಸಕ್ಕೆ ಮೊದಲೇ ಗೊತ್ತುಮಾಡಿಕೊಂಡ ಗುರಿಯನ್ನು ಅದು ಸೂಚಿಸುತ್ತದೆಯೇ ಹೊರತು ಆತ ದಡ್ಡನೋ ಜಾಣನೋ ಎಂಬುದನ್ನಲ್ಲ; ಆದ್ದರಿಂದ ‘ಮಿಕ’ ಎಂದರೆ ಸರಿಹೋಗುತ್ತದೆ. ‘ಸಕರ್’ನಲ್ಲಿ ಹೀಯಾಳಿಕೆಯಿದೆ. ಮೂಲದಲ್ಲಿ ಅದು ಇನ್ನೂ ಹಾಲು ಬಿಡದ ಮರಿ. ಹೆಂಡತಿಯ ಬಾಯಲ್ಲಿ ‘ಬೆಪ್ಪುತಕ್ಕಡಿ’ ಚೆನ್ನಾಗಿ ಕೂರುತ್ತದೆ. ಅಂದಹಾಗೆ, ನಿಮಿಷಕ್ಕೊಬ್ಬ ಸಕರ್ ಹುಟ್ಟುತ್ತಾನೆಂಬ ಮಾತನ್ನು ಸರ್ಕಸ್ಸಿನ ಪಿ. ಟಿ. ಬಾರ್ನಮ್ ಆಡಿದನೆಂದು ಎಲ್ಲರೂ ಬರೆಯುತ್ತಾರೆ, ಆದರೆ ಅದಕ್ಕೆ ಪುರಾವೆಯಿಲ್ಲ. ಹಾಗೆ ನಂಬಿದವರನ್ನು ಏನೆಂದು ಕರೆಯಬೇಕೋ!

ಉತ್ತರ 2:
ಮೇಲಿನವರು ‘ಪ್ಯಾಟ್ಸಿ’ಯನ್ನು ಬಿಟ್ಟಿದ್ದಾರೆ, ತೊಡಕಿರುವುದು ಅಲ್ಲಿಯೇ. ಬರೀ ಮೋಸಹೋದವನು ಪ್ಯಾಟ್ಸಿಯಲ್ಲ, ಇತರರು ಮಾಡಿದ ತಪ್ಪನ್ನು ತನ್ನ ತಲೆಗೆ ಕಟ್ಟಿಸಿಕೊಂಡವನು. 1963ರ ನವೆಂಬರಿನಲ್ಲಿ ಕೆನಡಿಯವರ ಹತ್ಯೆಯ ನಂತರ ಬಂಧಿತನಾದ ಲೀ ಹಾರ್ವಿ ಆಸ್ವಾಲ್ಡ್, ಡಲ್ಲಾಸಿನ ಪೊಲೀಸ್ ಠಾಣೆಯಲ್ಲಿ ಸುದ್ದಿಗಾರರ ಮುಂದೆ ತನ್ನನ್ನು ಕರೆದುಕೊಂಡದ್ದು ಇದೇ ಪದದಿಂದ. ‘ಬಕರಾ’ ಎಂದರೆ ಇಲ್ಲಿ ಸಾಲದು. ಬಕರಾ ಆದವನು ದುಡ್ಡನ್ನೋ ಮಾನವನ್ನೋ ಕಳೆದುಕೊಂಡು ಮನೆಗೆ ಹೋಗುತ್ತಾನೆ, ಪ್ಯಾಟ್ಸಿ ಜೈಲಿಗೆ ಹೋಗುತ್ತಾನೆ. ‘ಹರಕೆಯ ಕುರಿ’ ಎನ್ನಬಹುದು. ನಿಮ್ಮ ಕಥೆಯ ಪೊಲೀಸರು ಮುದುಕನ ಮೇಲೆ ಏನಾದರೂ ಆರೋಪ ಹೊರಿಸಿದ್ದಾರೆಯೇ?

ಉತ್ತರ 3:
ಕಥೆ ಇಂಗ್ಲೆಂಡಿನದಾಗಿದ್ದರೆ ಹೆಂಡತಿ ಬಹುಶಃ ‘ಸಕರ್’ ಬದಲು ‘ಮಗ್’ ಎನ್ನುತ್ತಿದ್ದಳು. ಮೋಸಹೋದವನು ಎಂಬರ್ಥದ ‘ಡ್ಯೂಪ್’ ಗ್ರಾಂಥಿಕವಾದದ್ದು, ಫ್ರೆಂಚಿನಿಂದ ಬಂದ ಆ ಪದಕ್ಕೆ ಚಂದ್ರಮುಕುಟ ಹಕ್ಕಿಯ ಹೆಸರೇ ಮೂಲವೆಂದು ನಿಘಂಟುಕಾರರು ಹೇಳುತ್ತಾರೆ. ಇನ್ನೊಂದು ಎಚ್ಚರಿಕೆ: ‘ಸಕರ್’ನ ನಂತರ ‘ಫಾರ್’ ಬಂದರೆ ಅರ್ಥವೇ ತಿರುಗಿ, ಯಾವುದೋ ಒಂದಕ್ಕೆ ಮನಸೋಲುವವನು ಎಂದಾಗುತ್ತದೆ. ಅಲ್ಲಿ ‘ಬೆಪ್ಪುತಕ್ಕಡಿ’ ಬರೆದರೆ ನಗೆಪಾಟಲು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹೌದು, ಮುದುಕನ ಚೀಲದಲ್ಲಿ ಖೋಟಾ ನೋಟುಗಳು ಸಿಕ್ಕಿರುತ್ತವೆ, ಆದ್ದರಿಂದ ‘ಹರಕೆಯ ಕುರಿ’ಯೇ ಸರಿ. ‘ಮಿಕ’ವನ್ನೂ ಒಪ್ಪಿದ್ದೇನೆ. ‘ಬೆಪ್ಪುತಕ್ಕಡಿ’ ತೀರ ಒರಟಾಯಿತೇನೋ ಎಂದು ಮೊದಲು ಅನುಮಾನಿಸಿದೆ. ಆದರೆ ಆಕೆ ಹಾಗೆ ಬೈದ ಮೇಲೆ ಗಂಡನ ಮುಂದೆ ಕಾಫಿಯ ಲೋಟವನ್ನು ಇಡುತ್ತಾಳೆ, ಆ ಬೈಗುಳ ಅಲ್ಲಿಗೆ ಒಪ್ಪುತ್ತದೆ.