ಮೂರನೇ ಗೇರ್ ನಿಲ್ಲುತ್ತಿಲ್ಲ, ಗೇರ್ ಬಾಕ್ಸ್ ಬದಲಿಸಬೇಕಾ?

ಪ್ರಶ್ನೆ: ಪಿಕಪ್‌ನಲ್ಲಿ ಹೊಳಲ್ಕೆರೆ ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುತ್ತೇನೆ. ಮೂರನೇ ಗೇರ್ ಹಾಕುವಾಗ ಕರಕರ ಅನ್ನುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ನ್ಯೂಟ್ರಲ್‌ಗೆ ಜಾರುತ್ತದೆ. ಲೋಡ್ ಇದ್ದಾಗ ನಿಜವಾಗ್ಲೂ ಭಯ. ಮೆಕ್ಯಾನಿಕ್ ಸೆಕೆಂಡ್ ಹ್ಯಾಂಡ್ ಬಾಕ್ಸ್ ಕೂರಿಸೋಣ ಅನ್ನುತ್ತಾರೆ. ಮನೆ ನಡೆಯುವುದೇ ಈ ಗಾಡಿಯಿಂದ.

ಉತ್ತರ: ಅಣ್ಣಾ, ಅವಸರ ಬೇಡ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿ ಕೇಳಿ. ಗೊರಗೊರ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ (ಇಂಜಿನ್ ಶಕ್ತಿಯನ್ನು ಬಾಕ್ಸ್ ಒಳಗೆ ತರುವ ದಂಡ) ಬೇರಿಂಗ್ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಬಳೆ), ಸ್ಲೀವ್ (ಗೇರನ್ನು ಶಾಫ್ಟ್‌ಗೆ ಕಚ್ಚಿಸುವ ಭಾಗ), ಶಿಫ್ಟ್ ಫೋರ್ಕ್ (ಆ ಸ್ಲೀವ್ ಸರಿಸುವ ಕವೆ) ನೋಡಿಸಿ. ಆಯಿಲ್ ಇಳಿಸಿದಾಗ ಹಲ್ಲಿನ ಚೂರು ಬಂತಾ? ಆಗ ಖರ್ಚು ಜಾಸ್ತಿ. ಹಳೆ ಬಾಕ್ಸ್ ಮಾತ್ರ ಬಿಚ್ಚಿ ನೋಡದೆ ತಗೊಳ್ಳಬೇಡಿ.

ಇನ್ನೊಬ್ಬರು: ಬಾಕ್ಸ್ ಇಳಿಸಿದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ನೋಡಿಬಿಡಿ. ಸುಮ್ನೆ ಎರಡು ಸಲ ಕೂಲಿ ಯಾಕೆ? ಗಾಡಿಯ ಮ್ಯಾನುಯಲ್ ಪುಸ್ತಕದಲ್ಲಿ ಜಿಎಲ್-4 (ಗೇರ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಅಂದಿದ್ದರೆ ಅದನ್ನೇ ಹಾಕಿಸಿ. ಕೆಲವು ಜಿಎಲ್-5 ಆಯಿಲ್ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ ತಿನ್ನುತ್ತದೆ.