‘ನಕಲಿ’ನಾ, ‘ಖೋಟಾ’ನಾ?

ಬಸವನಗುಡಿಯ ವಕೀಲರೊಬ್ಬರಿಗೆ ಒಂದು ಟಿಪ್ಪಣಿ ಕನ್ನಡ ಮಾಡಿಕೊಡುತ್ತಿದ್ದೇನೆ. ಎನ್‌ಎಫ್‌ಟಿ, ಅಂದರೆ ಚಿತ್ರದಂಥವಕ್ಕೆ ಜೋಡಿಸಿ ಮಾರುವ, ದುಡ್ಡು ಕೊಟ್ಟು ಕೊಂಡಿಟ್ಟುಕೊಳ್ಳುವ ಡಿಜಿಟಲ್ ಟೋಕನ್‌ಗಳು, ಅವುಗಳ ಮೇಲೆ ಬಿದ್ದ ಟ್ರೇಡ್‌ಮಾರ್ಕ್ ಕೇಸುಗಳು. ‘ಕೌಂಟರ್‌ಫೀಟ್’ ಪದದ ಹತ್ತಿರ ಬಂದು ಎರಡು ದಿನದಿಂದ ನಿಂತಿದ್ದೇನೆ.

ಸುಮ್ನೆ ‘ನಕಲಿ’ ಅಂತ ಹಾಕಿದ್ದೆ. ವಕೀಲರು ಪೆನ್ಸಿಲ್‌ನಲ್ಲಿ ಗೆರೆ ಎಳೆದು, “ಮೇಲಿನ ಸಾಲಲ್ಲಿ ನಕಲು, ಇಲ್ಲಿ ನಕಲಿ. ಓದೋರಿಗೆ ಗೊಂದಲ ಆಗಲ್ವೇನ್ರೀ?” ಅಂದರು. ಹೌದಲ್ವಾ! ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿದರೆ ಸೀಲು ಬಿದ್ದ ಪ್ರತಿ ಸಿಗುತ್ತದೆ, ಅದರಲ್ಲಿ ಮೋಸವಿಲ್ಲ. ಕೊನೆಯ ‘ಉ’ ಹೋಗಿ ‘ಇ’ ಬಂದರೆ ಮೋಸ. ಎರಡೂ ಅರಬ್ಬಿಯ ‘ನಕ್ಲ್’ನ ಮಕ್ಕಳೇ.

ಈ ಕೇಸುಗಳಲ್ಲಿ ತೊಡಕಿರುವುದೂ ಅಲ್ಲೇ. ಎನ್‌ಎಫ್‌ಟಿ ಮಾರುವ ಯುಗಾ ಲ್ಯಾಬ್ಸ್ ಕಂಪನಿಯ ‘ಬೋರ್ಡ್ ಏಪ್’ ಎಂಬ ಮಂಗನ ಚಿತ್ರಗಳನ್ನೇ ರೈಡರ್ ರಿಪ್ಸ್ ಎಂಬ ಕಲಾವಿದ ಬೇರೆ ಟೋಕನ್‌ಗಳಿಗೆ ಜೋಡಿಸಿ ಮಾರಿದ. ಚಿತ್ರ ಅದೇ, ಟೋಕನ್ ಬೇರೆ. ಕಂಪನಿ 2022ರಲ್ಲಿ ಕೋರ್ಟಿಗೆ ಹೋಯಿತು. ಇದು ಅಣಕ ಅಂತ ಅವನ ವಾದ. 2025ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ‘ಎನ್‌ಎಫ್‌ಟಿಯೂ ಸರಕೇ’ ಅಂದಿತು, ಅಂದರೆ ಟ್ರೇಡ್‌ಮಾರ್ಕ್ ಕಾನೂನು ಅದಕ್ಕೂ ಅನ್ವಯಿಸುತ್ತದೆ. ಆದರೆ ಕೊಳ್ಳುವವರಿಗೆ ಗೊಂದಲ ಆಗುತ್ತಿತ್ತೇ ಅನ್ನುವುದನ್ನು ವಿಚಾರಣೆಗೇ ಬಿಟ್ಟಿತು.

ದುಬಾರಿ ಬ್ಯಾಗು ಮಾಡುವ ಫ್ರೆಂಚ್ ಕಂಪನಿ ಎರ್ಮೆಸ್ ಹಾಕಿದ ಕೇಸಿನಲ್ಲಂತೂ ಚಿತ್ರವೂ ಹೊಸದು. ತುಪ್ಪಳ ಹೊದೆಸಿದ ಬ್ಯಾಗುಗಳ 100 ಡಿಜಿಟಲ್ ಚಿತ್ರಗಳು. ತಕರಾರು ಇದ್ದದ್ದು ‘ಮೆಟಾಬರ್ಕಿನ್ಸ್’ ಅನ್ನುವ ಹೆಸರಿನದು; ‘ಬರ್ಕಿನ್’ ಎರ್ಮೆಸ್‌ನದೇ ಬ್ಯಾಗಿನ ಹೆಸರು. 2023ರಲ್ಲಿ ನ್ಯೂಯಾರ್ಕಿನ ಜ್ಯೂರಿ ಕಂಪನಿಗೆ 1,33,000 ಡಾಲರ್ ಕೊಡಿಸಿತು. ಇಲ್ಲಿ ಯಾವುದನ್ನು ನಕಲು ಅನ್ನೋಣ?

ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಶೂ ಮಾರುವವನ ಬಳಿ ಇದಕ್ಕೆ ಪದ ರೆಡಿ ಇದೆ: “ಫಸ್ಟ್ ಕಾಪಿ ಸಾರ್.” ಅವನು ಮುಚ್ಚಿಡುವುದೇ ಇಲ್ಲ. ಕೊಳ್ಳುವವನಿಗೆ ಮೋಸವಿಲ್ಲ, ಮಾರ್ಕಿನ ಯಜಮಾನನಿಗೆ ಮಾತ್ರ ನಷ್ಟ. (ನಾನೂ ಒಂದು ಜೊತೆ ತಗೊಂಡಿದ್ದೆ. ಮೊದಲ ಮಳೆಗೇ ಅಡಿ ಕಿತ್ತಿತು.)

ನನಗೆ ‘ಖೋಟಾ’ ಜಾಸ್ತಿ ಹಿಡಿಸುತ್ತದೆ. ಖೋಟಾ ನೋಟು ಅಂದಾಗ ತಪ್ಪು ಕಾಗದದ್ದಲ್ಲ, ಹಕ್ಕಿಲ್ಲದವನು ಒತ್ತಿದ ಮುದ್ರೆಯದು. ಟ್ರೇಡ್‌ಮಾರ್ಕಿಗೆ ‘ವ್ಯಾಪಾರ ಮುದ್ರೆ’ ಅಂತ ಬರೆದರೆ ‘ಖೋಟಾ ಮುದ್ರೆಯ ಟೋಕನ್’ ಸಲೀಸಾಗಿ ಕೂರುತ್ತದೆ. ವಕೀಲರು ಒಪ್ಪುತ್ತಿಲ್ಲ. ಖೋಟಾ ಅಂದರೆ ಪೊಲೀಸು, ಜೈಲು ನೆನಪಾಗುತ್ತದಂತೆ, ಇವು ಸಿವಿಲ್ ದಾವೆಗಳು.

ಹುಬ್ಬಳ್ಳಿ-ಧಾರವಾಡದ ಕಡೆಯವರು ಹೇಳಿ: ನಿಮ್ಮ ‘ಖೊಟ್ಟಿ’ಗೂ ಆ ಜೈಲಿನ ವಾಸನೆ ಇದೆಯಾ, ಇಲ್ಲ ಬರೀ ‘ಅಸಲಿ ಅಲ್ಲ’ ಅನ್ನುವಷ್ಟೇನಾ? ಬರೀ ಅಷ್ಟೇ ಆಗಿದ್ದರೆ ಸೋಮವಾರ ಅದನ್ನೇ ಬರೆದು ಕೊಡುತ್ತೇನೆ.