ಹಿತ್ತಲು ಸವರಿದ ಮೇಲೆ ಕೈಯೆಲ್ಲ ನೀರುಗುಳ್ಳೆ, ಯಾವ ಗಿಡ ಇರಬಹುದು?

ಹಳೇಮನೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಏಳೆಂಟು ವರ್ಷ ಯಾರೂ ಇರಲಿಲ್ಲ, ಈಗ ನಾನು ಬೆಂಗಳೂರು ಬಿಟ್ಟು ಬಂದು ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ಹಿತ್ತಲು ಅಂತ ಹೆಸರಿಗೆ, ಪೂರ್ತಿ ಕಾಡು. ಹೋದ ಭಾನುವಾರ ಕತ್ತಿ ಹಿಡಿದು ಬಾವಿಯಿಂದ ಬೇಲಿವರೆಗೆ ಸವರಿದೆ. ಅರ್ಧ ತೋಳಿನ ಅಂಗಿ, ಲುಂಗಿ, ಗ್ಲೌಸ್ ಇಲ್ಲ. (ಬೈಯಬೇಡಿ, ಅಮ್ಮ ಆಗಲೇ ಬೈದು ಮುಗಿಸಿದ್ದಾರೆ.)

ಆವತ್ತು ಏನೂ ಆಗಲಿಲ್ಲ. ಸೋಮವಾರವೂ ಆರಾಮಾಗಿದ್ದೆ. ಮಂಗಳವಾರ ಬೆಳಗ್ಗೆ ಎದ್ದರೆ ಬಲಗೈ ಮೇಲೆ ಯಾರೋ ಕಾದ ಕಡ್ಡಿಯಲ್ಲಿ ಗೀಚಿದ ಹಾಗೆ ಉದ್ದುದ್ದ ಕೆಂಪು ಗೆರೆ, ಗೆರೆಯುದ್ದಕ್ಕೂ ಸಾಬಕ್ಕಿ ಜೋಡಿಸಿದ ಹಾಗೆ ನೀರುಗುಳ್ಳೆ. ಬುಧವಾರ ಕುತ್ತಿಗೆಗೂ ಬಂತು. ಇವತ್ತು ಎಡಗಣ್ಣಿನ ರೆಪ್ಪೆ ಸ್ವಲ್ಪ ಊದಿದೆ. ತುರಿಕೆಗೆ ರಾತ್ರಿ ನಿದ್ದೆ ಇಲ್ಲ.

ನನಗೆ ಅನುಮಾನ ಇರುವುದು ಮೂರು ಗಿಡದ ಮೇಲೆ. ಒಂದು, ಬೇಲಿ ಮೇಲಿನ ಬಳ್ಳಿ, ಹುಣಸೆಕಾಯಿ ಥರ ಬಾಗಿದ ಕಾಯಿ, ಮೇಲೆ ಕಂದು ಬಣ್ಣದ ವೆಲ್ವೆಟ್ ಹೊದಿಸಿದ ಹಾಗೆ. ಅದನ್ನು ಮುಟ್ಟಿದ ನೆನಪಿಲ್ಲ. ಎರಡು, ಕಾಂಗ್ರೆಸ್ ಗಿಡ, ಹತ್ತು ಹನ್ನೆರಡು ಬರಿಗೈಲೇ ಕಿತ್ತೆ. ಮೂರು, ಹಳೇ ಮರದ ಬುಡದಿಂದ ಚಿಗುರಿದ್ದ ಕೊಂಬೆಗಳು. ಎಲೆ ಮಾವಿನೆಲೆ ಥರವೇ, ಆದರೆ ತುದಿ ಕಡೆ ಅಗಲ. ಮರುದಿನ ನೋಡಿದರೆ ಕಡಿದ ಜಾಗಕ್ಕೆಲ್ಲ ಟಾರು ಬಳಿದ ಹಾಗೆ ಕಪ್ಪಾಗಿತ್ತು.

ಇದರಲ್ಲಿ ಯಾವುದು? ಮಗಳಿಗೆ ನಾಲ್ಕು ವರ್ಷ, ಇಡೀ ದಿನ ಹಿತ್ತಲಲ್ಲೇ ಇರುತ್ತಾಳೆ, ಅದೇ ಚಿಂತೆ. ಸವರಿದ ರಾಶಿ ಇನ್ನೂ ಅಲ್ಲೇ ಇದೆ, ಈ ಭಾನುವಾರ ಬೆಂಕಿ ಹಾಕಿಬಿಡೋಣ ಅಂತಿದ್ದೇನೆ.

ಕಾನಂಚು

ಬೆಂಕಿ ಹಾಕಬೇಡಿ! ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು. ಆ ಹೊಗೆ ಕಣ್ಣಿಗೆ, ಗಂಟಲಿಗೆ, ಶ್ವಾಸಕೋಶಕ್ಕೆ ಹೋದರೆ ಈಗ ಕೈ ಮೇಲೆ ಆಗಿರುವುದೇ ಒಳಗೆ ಆಗುತ್ತದೆ. ರಾಶಿಯನ್ನು ಮಗು ಹೋಗದ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚಿ. ಒಣಗಿದರೂ ಅದರ ಸೊನೆಗೆ ಬಲ ಇರುತ್ತದೆ.

ನಿಮ್ಮ ಮೂರನೇ ಗಿಡ ಹೊಳಗೇರು. ಎಲೆ ನೋಡದೆಯೇ ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ನೀವು ಕೊಟ್ಟ ದಿನದ ಲೆಕ್ಕದಿಂದ. ನಸುಗುನ್ನಿ ಆಗಿದ್ದರೆ (ಅದೇ ನಿಮ್ಮ ವೆಲ್ವೆಟ್ ಕಾಯಿ) ಎರಡು ನಿಮಿಷದಲ್ಲಿ ಅಂಗಿ ಬಿಚ್ಚಿ ಬಾವಿಕಟ್ಟೆಗೆ ಓಡುತ್ತಿದ್ದಿರಿ. ತುರಚೆ ಬಳ್ಳಿ ಆಗಿದ್ದರೂ ಅಷ್ಟೇ, ಮುಟ್ಟಿದ ತಕ್ಷಣ ಚುರ್ ಅನ್ನುತ್ತದೆ, ಸಾಮಾನ್ಯವಾಗಿ ಸಂಜೆಯೊಳಗೆ ತಣ್ಣಗಾಗುತ್ತದೆ. ಹೊಳಗೇರು ಹಾಗಲ್ಲ. ಮುಟ್ಟಿದಾಗ ಸುಮ್ನೆ ಇರುತ್ತದೆ, ಒಂದೆರಡು ದಿನ ಬಿಟ್ಟು ಬರುತ್ತದೆ. ಗೆರೆಗೆರೆಯಾಗಿ ಬಂದಿರುವುದು ಕೊಂಬೆ ಉಜ್ಜಿದ ದಾರಿ. ಕಪ್ಪಾದ ಸೊನೆ ಅಂತೂ ಅದರ ಸಹಿ ಇದ್ದ ಹಾಗೆ. ಶಾಸ್ತ್ರೀಯ ಹೆಸರೂ ಹೊಲಿಗಾರ್ನಾ, ಕೇಳಿದರೇ ಗೊತ್ತಾಗುತ್ತದೆ ನಮ್ಮ ಕನ್ನಡದ ಹೆಸರನ್ನೇ ಎತ್ತಿಕೊಂಡು ಹೋದದ್ದು ಅಂತ.

ಖಾತ್ರಿ ಬೇಕಾದರೆ ದೂರದಿಂದಲೇ ಎಲೆ ತೊಟ್ಟು ನೋಡಿ. ತೊಟ್ಟಿನ ಮೇಲೆ ಎರಡು ಪುಟ್ಟ ಮುಳ್ಳಿನಂಥ ಕೊಂಬು ಇರುತ್ತವೆ. ಮೆತ್ತಗೆ ಇರುತ್ತವೆ, ಚುಚ್ಚುವುದಿಲ್ಲ, ಬಲಿತ ಎಲೆಯಲ್ಲಿ ಉದುರಿಹೋಗಿರಬಹುದು, ಅದಕ್ಕೆ ಎಳೆ ಎಲೆ ನೋಡಿ. ಮಾವಿನೆಲೆಗೆ ಅದು ಇಲ್ಲ. ಎಲೆಗಳು ಕೊಂಬೆ ತುದಿಯಲ್ಲಿ ಗೊಂಚಲಾಗಿ ಕೂತಿರುತ್ತವೆ.

ಕಣ್ಣಿನ ಹತ್ತಿರ ಊತ ಇದೆ ಅಂದಿರಿ. ಅದಕ್ಕೆ ಮನೆಮದ್ದು ಬೇಡ, ನಾಳೆಯೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ನಾನು ಒಮ್ಮೆ ನಾಲ್ಕನೇ ದಿನ ಕಡಿಮೆ ಆಯ್ತು ಅಂತ ಬಿಟ್ಟೆ, ಆರನೇ ದಿನ ಮೊದಲಿಗಿಂತ ಜೋರಾಗಿ ಬಂತು.

ಕುಂದಾಪ್ರದ ಗೇರುಬೀಜ

ಕಾನಂಚು ಹೇಳಿದ್ದು ಸರಿ ಮಾರಾಯ್ರೆ. ಗೇರು, ಮಾವು, ಕರಿಗೇರು, ಹೊಳಗೇರು ಎಲ್ಲ ಒಂದೇ ಕುಟುಂಬ. ಮಾವಿನಕಾಯಿ ತೊಟ್ಟು ಮುರಿದಾಗ ಸೊನೆ ಹಾರಿ ತುಟಿ ಪಕ್ಕ ಸುಟ್ಟ ಹಾಗೆ ಕಪ್ಪು ಕಲೆ ಆಗುವುದು ಎಲ್ಲರಿಗೂ ಗೊತ್ತಲ್ವಾ, ಅದರ ದೊಡ್ಡಣ್ಣ ಇದು. ಕರಿಗೇರಿನ ರಸದಲ್ಲಿ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಕೆಲವರಿಗೆ ಆ ಗುರುತು ತಾಗಿದ ಜಾಗದಲ್ಲೇ ಗುಳ್ಳೆ ಏಳುತ್ತಿತ್ತು.

ನಮ್ಮಲ್ಲಿ ಗೇರುಬೀಜ ಸುಡುವಾಗ, ಸಿಪ್ಪೆ ಬಿಡಿಸುವಾಗ ಹೆಂಗಸರು ಮೊದಲೇ ಕೈಗೆ ಎಣ್ಣೆ, ಬೂದಿ ಹಚ್ಚಿಕೊಂಡು ಕೂರುತ್ತಾರೆ. ಅದು ಕೆಲಸಕ್ಕೆ ಮುಂಚೆ. ಸೊನೆ ತಾಗಿದ ಮೇಲೆ ಎಣ್ಣೆ ತಿಕ್ಕಿದರೆ ಇಡೀ ಕೈಗೆ ಹರಡಿದ ಹಾಗೆ. ತಾಗಿದ ಹತ್ತು ನಿಮಿಷದೊಳಗೆ ಸೋಪು, ತಣ್ಣೀರು, ಎರಡು ಮೂರು ಸಲ. ಉಗುರಿನ ಸಂದಿಯನ್ನು ಮರೆಯಬೇಡಿ, ಅಲ್ಲಿಂದಲೇ ಕಣ್ಣಿಗೆ ಹೋಗುವುದು.

ಕಾಸರಗೋಡು ಕಡೆಯ ನಮ್ಮ ನೆಂಟರು ಇದಕ್ಕೆ ತಾರೆ ಮರಕ್ಕೆ ಸುತ್ತು ಬರಬೇಕು ಅನ್ನುತ್ತಾರೆ. ನಾನೂ ಸಣ್ಣವನಿದ್ದಾಗ ಬಂದಿದ್ದೇನೆ. ಎರಡು ವಾರಕ್ಕೆ ಗುಣ ಆಯಿತು. ಸುತ್ತದೇ ಇದ್ದ ನನ್ನ ತಮ್ಮನಿಗೂ ಎರಡೇ ವಾರ ಹಿಡಿಯಿತು, ಅದು ಬೇರೆ ವಿಷಯ.

ತುಮಕೂರು ಹೊಲ

ಹೊಳಗೇರು ಇರಬಹುದು, ಇಲ್ಲ ಅನ್ನಲ್ಲ. ಆದರೆ ಎಲ್ಲರೂ ಕಾಂಗ್ರೆಸ್ ಗಿಡವನ್ನು ಸುಮ್ನೆ ಬಿಟ್ಟುಬಿಟ್ಟಿರಲ್ಲ. ನಮ್ಮಪ್ಪ ಇಪ್ಪತ್ತು ವರ್ಷ ಬರಿಗೈಲಿ ಕಿತ್ತರು, ಏನೂ ಆಗಲಿಲ್ಲ, ಊರಲ್ಲೆಲ್ಲ ನನಗದು ಹಿಡಿಯಲ್ಲ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಆಮೇಲೆ ಒಂದು ಮಳೆಗಾಲ ರೆಪ್ಪೆ, ಕತ್ತಿನ ಸುತ್ತ, ಮೊಣಕೈ ಮಡಿಕೆಯಲ್ಲಿ ಶುರುವಾಯಿತು. ಈಗ ಮುಟ್ಟುವುದೇ ಬೇಡ, ಪಕ್ಕದ ಹೊಲದಲ್ಲಿ ಹೂ ಬಿಟ್ಟರೆ ಸಾಕು, ಗಾಳಿಯಲ್ಲೇ ಬರುತ್ತದೆ. ಚರ್ಮ ದಪ್ಪ ಆಗಿ, ಕಪ್ಪಾಗಿ, ಆನೆ ಚರ್ಮದ ಹಾಗೆ ಆಗಿದೆ. ಒಂದು ಸಲ ಮೈಗೆ ಹಿಡಿದರೆ ಬಿಡುವುದು ಕಷ್ಟ.

ಅಮೆರಿಕದ ಗೋಧಿ ಜೊತೆ ಬಂತು ಅಂತಾರೆ, 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು. ಅದನ್ನು ತಿನ್ನಲಿ ಅಂತ 1984ರಲ್ಲಿ ಬೆಂಗಳೂರಲ್ಲಿ ಮೆಕ್ಸಿಕೋದ ಜೀರುಂಡೆ ಬಿಟ್ಟರು. ಮಳೆಗಾಲದಲ್ಲಿ ಆ ಪಟ್ಟೆ ಹುಳ ನಮ್ಮಲ್ಲೂ ಕಾಣುತ್ತದೆ, ಎಲೆ ಜರಡಿ ಮಾಡುತ್ತದೆ, ಆದರೆ ಗಿಡ ಇನ್ನೂ ಇದೆ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಹುಳ ಎಷ್ಟು ಅಂತ ತಿನ್ನುತ್ತದೆ ಪಾಪ. ಹೂ ಬಿಡುವ ಮುಂಚೆ, ನೆಲ ಹಸಿ ಇರುವಾಗ, ಬೇರು ಸಮೇತ ಕೀಳಿ. ಗ್ಲೌಸ್ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ. ದಪ್ಪ ರಬ್ಬರ್ ಗ್ಲೌಸ್ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ.

ಎಡಿಸನ್ ಅಕ್ಕ

ನಾನು ನ್ಯೂಜೆರ್ಸಿಯಲ್ಲಿ ಇರುವುದು, ಇಲ್ಲಿ ಇದರ ನೆಂಟ ಪಾಯ್ಸನ್ ಐವಿ. ಒಂದು ತೊಟ್ಟಿಗೆ ಮೂರು ಎಲೆ, ಮರ ಹತ್ತಿದರೆ ಬಳ್ಳಿಗೆ ಕಂದು ಕೂದಲು ಬೆಳೆದ ಹಾಗೆ ಬೇರು. ಅದೂ ಗೇರಿನ ಕುಟುಂಬವೇ. ಸೊನೆಯಲ್ಲಿರುವ ಎಣ್ಣೆಗೆ ಉರುಶಿಯಾಲ್ ಅನ್ನುತ್ತಾರೆ. ಚಳಿಗಾಲದಲ್ಲಿ ಎಲೆ ಇಲ್ಲದ ಬಳ್ಳಿ ಎಳೆದು ಹಾಕಿ ನಾನು ಮೂರು ವಾರ ಒದ್ದಾಡಿದ್ದೇನೆ. ಅದಾದ ಮೇಲೆ ಮಾವಿನಹಣ್ಣನ್ನು ಸಿಪ್ಪೆ ಸಮೇತ ಕಚ್ಚಿ ತಿನ್ನುವುದೂ ಹೋಯಿತು, ತುಟಿ ಉರಿಯುತ್ತದೆ. ಊರಿಗೆ ಬಂದಾಗ ಅತ್ತೆ ಹೆಚ್ಚಿ ಕೊಡಬೇಕು.

ಹಳೇಮನೆಯವರೇ, ಒಂದು ಪ್ರಶ್ನೆ. ಕುತ್ತಿಗೆಗೆ ಬುಧವಾರ, ಕಣ್ಣಿಗೆ ಇವತ್ತು ಬಂತು ಅಂದಿರಲ್ಲ, ಕತ್ತಿಯ ಹಿಡಿ ತೊಳೆದಿರಾ? ಗುಳ್ಳೆಯ ನೀರಿನಿಂದ ಅದು ಹರಡುವುದಿಲ್ಲ. ತಡವಾಗಿ ಬರುವುದು ಒಂದೋ ಅಲ್ಲಿ ಸೊನೆ ಕಡಿಮೆ ತಾಗಿತ್ತು ಅಂತ, ಇಲ್ಲಾ ನೀವು ಮತ್ತೆ ಮತ್ತೆ ಮುಟ್ಟುತ್ತಿದ್ದೀರಿ ಅಂತ. ಕತ್ತಿ, ಚಪ್ಪಲಿ, ಆವತ್ತಿನ ಲುಂಗಿ, ಬಾಗಿಲ ಚಿಲಕ, ಫೋನು. ಈ ಎಣ್ಣೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ನಾಯಿ ಇದ್ದರೆ ಅದಕ್ಕೂ ಸ್ನಾನ ಮಾಡಿಸಿ, ಕೂದಲಿಗೆ ಮೆತ್ತಿಕೊಂಡು ಬರುತ್ತದೆ, ಅದಕ್ಕೆ ಸಾಮಾನ್ಯವಾಗಿ ಏನೂ ಆಗಲ್ಲ, ಮುದ್ದು ಮಾಡಿದವರಿಗೆ ಆಗುತ್ತದೆ.

ಗಿಡ ಯಾವುದು ಅಂತ ಅನುಮಾನ ಇದ್ದರೆ ಬಿಳಿ ಕಾಗದ ಮಡಚಿ ನಡುವೆ ಎಲೆ ಇಟ್ಟು, ಮೇಲಿಂದ ಕಲ್ಲಲ್ಲಿ ಜಜ್ಜಿ. ಕೈ ತಾಗಿಸಬೇಡಿ. ಕಾಗದದ ಮೇಲಿನ ಕಲೆ ಸ್ವಲ್ಪ ಹೊತ್ತಲ್ಲಿ ಕಂದು, ಆಮೇಲೆ ಕಪ್ಪಾದರೆ ದೂರ ಇರಿ.

ಹಳೇಮನೆ

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ ಹತ್ತಿರ ಹೋಗಿ ಬಂದೆ, ಮಾತ್ರೆ ಕೊಟ್ಟಿದ್ದಾರೆ, ಪೂರ್ತಿ ತೆಗೆದುಕೊಳ್ಳುತ್ತೇನೆ. ಕಣ್ಣು ಪರವಾಗಿಲ್ಲ.

ಎಳೆ ಎಲೆಯ ತೊಟ್ಟಲ್ಲಿ ಎರಡೂ ಕೊಂಬು ಇವೆ! ಅಕ್ಕ, ಕತ್ತಿ ತೊಳೆದಿರಲಿಲ್ಲ. ಅಷ್ಟೇ ಅಲ್ಲ, ಸೋಮವಾರ, ಮಂಗಳವಾರ ಅದೇ ಕತ್ತಿಯಲ್ಲಿ ಎಳನೀರು ಕೊಚ್ಚಿ ಕುಡಿದಿದ್ದೇನೆ. ಆವತ್ತಿನ ಲುಂಗಿಯನ್ನೇ ಮೂರು ದಿನ ಉಟ್ಟಿದ್ದೆ. ನಾಯಿ ಇಲ್ಲ, ಬೆಕ್ಕಿದೆ, ಅದಕ್ಕೆ ಸ್ನಾನ ಮಾಡಿಸುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ.

ಉಳಿದಿರುವುದು ನಸುಗುನ್ನಿ. ಕಾಯಿ ಒಣಗುತ್ತಿದೆ, ಮಗಳ ಜೋಕಾಲಿಗೆ ಹತ್ತಡಿ ದೂರ ಅಷ್ಟೇ. ಹೇಗೆ ತೆಗೆಯಲಿ?

ಕಾನಂಚು

ಜೋಕಾಲಿ ಇವತ್ತೇ ಬಿಚ್ಚಿ. ಒಣಗಿದ ಕಾಯಿಯ ರೋಮ ಗಾಳಿಗೆ ಹಾರುತ್ತದೆ, ಮುಟ್ಟಲೇಬೇಕು ಅಂತಿಲ್ಲ. ಗಾಳಿ ಇಲ್ಲದ ಹೊತ್ತು, ಬೆಳಗ್ಗೆ ಇಬ್ಬನಿ ಇರುವಾಗ, ಪಂಪಿನಲ್ಲಿ ಕಾಯಿ ಪೂರ್ತಿ ತೋಯುವ ಹಾಗೆ ನೀರು ಹೊಡೆಯಿರಿ. ಆಮೇಲೆ ಬುಡ ಕತ್ತರಿಸಿ, ಕಾಯಿಗಳನ್ನು ಉದ್ದ ಕೋಲಿನ ದೋಟಿಯಲ್ಲಿ ಒಂದೊಂದಾಗಿ ಹಳೇ ಗೊಬ್ಬರದ ಚೀಲಕ್ಕೆ ಇಳಿಸಿ. ತಲೆ ಮೇಲಿಂದ ಎಳೆಯಬೇಡಿ. ಮೈಗೆ ತಾಗಿದರೆ ಉಜ್ಜಬಾರದು, ಉಜ್ಜಿದಷ್ಟೂ ರೋಮ ಒಳಗೆ ಹೋಗುತ್ತದೆ. ಅಗಲ ಗಮ್ ಟೇಪ್ ಅಂಟಿಸಿ ಕೀಳಿ, ಆಮೇಲೆ ತೊಳೆಯಿರಿ. ನಮ್ಮ ಅಜ್ಜಿ ಸಗಣಿ ಮೆತ್ತಿ ಒಣಗಿದ ಮೇಲೆ ಉದುರಿಸುತ್ತಿದ್ದರು, ಕೆಲಸ ಅದೇ, ಆದರೆ ನಿಮ್ಮ ಕೈಯಲ್ಲಿ ಈಗ ಗುಳ್ಳೆ ಒಡೆದಿದೆ, ಟೇಪೇ ಸಾಕು.

ಹೊಳಗೇರಿನ ಬುಡ ಮತ್ತೆ ಚಿಗುರುತ್ತದೆ, ಮಳೆ ಬಿದ್ದ ಮೇಲೆ ಒಮ್ಮೆ ಹೋಗಿ ನೋಡಿ. ಆಗ ಲುಂಗಿ ಬೇಡ.